ಬೈತಖೋಲದ ಪೋರ್ಟಿಗೂ ಸಿಮ್ ‘ಪೋರ್ಟ್’ ಮಾಡುವುದಕ್ಕೂ ಏನು ಸಂಬಂಧ?

ಪ್ರಶ್ನೆ: ನಾವು ಕಾರವಾರದವರು. ನಮಗೆ ಪೋರ್ಟ್ ಅಂದರೆ ಬೈತಖೋಲದ ಬಂದರು, ಅಷ್ಟೇ. ಮೊನ್ನೆ ಮೊಬೈಲ್ ಅಂಗಡಿಯವ ‘ನಂಬರ್ ಪೋರ್ಟ್ ಮಾಡ್ಸಿ’ ಅಂದ. ಮಗಳ ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟ್ ಸಡಿಲಾಗಿದೆ. ನೇವಿಯಲ್ಲಿರುವ ಪಕ್ಕದ ಮನೆಯವರು ಹಡಗಿನ ಎಡಬದಿಗೂ ಪೋರ್ಟ್ ಎನ್ನುತ್ತಾರೆ. ಗೋವಾಕ್ಕೆ ಹೋದರೆ ವೈನಿಗೂ ಅದೇ ಹೆಸರು. ಪಿಯುಸಿ ಓದುವ ಮಗಳು ‘ಇದೆಲ್ಲ ಒಂದೇ ಶಬ್ದವಾ, ಬೇರೆ ಬೇರೆಯಾ?’ ಎಂದು ಕೇಳುತ್ತಿದ್ದಾಳೆ. ಸಂಸ್ಕೃತದ ‘ಪೋತ’ದಿಂದ ಪೋರ್ಟ್ ಬಂತು ಅಂತ ವಾಟ್ಸಾಪಿನಲ್ಲಿ ಓದಿದೆ. ನಿಜವಾ? ಶ್ರೀಮಂತರ ಠೀವಿಗೆ ಹೇಳುವ ‘ಪಾಶ್’ ಎಂಬ ಇಂಗ್ಲಿಷ್ ಪದದಲ್ಲೂ ಪೋರ್ಟ್ ಅಡಗಿದೆಯಂತೆ, ಹೌದಾ?
– ಓದುಗರೊಬ್ಬರು, ಕಾರವಾರ

ಉತ್ತರ: ನಿಮ್ಮ ಮಗಳು ಕೇಳಿದ್ದು ಒಳ್ಳೆಯ ಪ್ರಶ್ನೆ. ಉತ್ತರ ಮಾತ್ರ ಸ್ವಲ್ಪ ತಮಾಷೆಯಾಗಿದೆ. ಬೇರೆ ಬೇರೆಯೂ ಹೌದು, ಹಿಂದಕ್ಕೆ ಹೋದರೆ ಒಂದೇ ಮನೆಯವೂ ಹೌದು.

ಲ್ಯಾಟಿನ್ನಿನಲ್ಲಿ ಮೂರು ಪದಗಳಿದ್ದವು. ‘ಪೋರ್ಟುಸ್’ ಅಂದರೆ ಬಂದರು. ‘ಪೋರ್ಟಾ’ ಅಂದರೆ ಬಾಗಿಲು, ಅದರಲ್ಲೂ ಊರಿನ ಹೆಬ್ಬಾಗಿಲು. ‘ಪೋರ್ಟಾರೆ’ ಅಂದರೆ ಹೊರು, ಹೊತ್ತು ಒಯ್ಯು. ಬಾಲ ಬೇರೆ ಬೇರೆ ಇದ್ದುದರಿಂದ ರೋಮಿನವರಿಗೆ ಗೊಂದಲ ಇರಲಿಲ್ಲ. ಇಂಗ್ಲಿಷಿಗೆ ಬರುವಷ್ಟರಲ್ಲಿ ಬಾಲಗಳು ಉದುರಿದವು. ಮೂರೂ ‘ಪೋರ್ಟ್’ ಆಗಿ ನಿಂತವು. ನಿಮ್ಮ ಬೈತಖೋಲದ್ದು ಮೊದಲನೆಯದು. ಲ್ಯಾಪ್‌ಟಾಪಿನದು ಎರಡನೆಯದು. ಸಿಮ್ ಕಾರ್ಡಿನದು ಮೂರನೆಯದು. ವೈನ್ ಮತ್ತು ಹಡಗಿನ ಎಡಬದಿ, ಎರಡೂ ಬಂದರಿಗೆ ಆಮೇಲೆ ಹುಟ್ಟಿದ ಮಕ್ಕಳು.

ಹಾಗಾದರೆ ಲ್ಯಾಟಿನ್ನಿನ ಆ ಮೂರಕ್ಕೂ ನಂಟಿದೆಯೇ? ಇದೆ. ಬಂದರು, ಬಾಗಿಲು, ಹೊರುವುದು, ಮೂರರ ಬುಡದಲ್ಲೂ ಇರುವುದು ‘ದಾಟು’ ಎಂಬ ಒಂದೇ ಅರ್ಥ. ಬಂದರು ಎಂದರೆ ನೀರಿನಿಂದ ನೆಲಕ್ಕೆ ದಾಟುವ ಜಾಗ. ಬಾಗಿಲು ಹೊರಗಿನಿಂದ ಒಳಕ್ಕೆ ದಾಟುವ ಜಾಗ. ಹೊರುವುದು ಎಂದರೆ ಸಾಮಾನನ್ನು ಇಲ್ಲಿಂದ ಅಲ್ಲಿಗೆ ದಾಟಿಸುವುದು. ಇದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನದಿ ಸಮುದ್ರ ಸೇರುವಲ್ಲಿ ದೋಣಿ ಹೊರಗೆ ಹೋಗುವ ಜಾಗಕ್ಕೆ ನಮ್ಮ ಮೀನುಗಾರರು ಏನನ್ನುತ್ತಾರೆ? ‘ಅಳಿವೆ ಬಾಗಿಲು’. ನೀರಿಗೂ ಬಾಗಿಲು ಇರುತ್ತದೆ ಎಂಬುದು ಅವರಿಗೆ ದಿನದ ಮಾತು. ಮಳೆಗಾಲದಲ್ಲಿ ಮರಳು ತುಂಬಿ ಆ ಬಾಗಿಲು ಕಿರಿದಾದರೆ ದೋಣಿ ನಡೆಸುವ ತಾಂಡೇಲನ ಎದೆ ಹೊಡೆದುಕೊಳ್ಳುವುದೂ ಅಲ್ಲೇ.

ರೋಮಿನವರೂ ಹೀಗೇ ಯೋಚಿಸಿದ್ದಕ್ಕೆ ಒಂದು ಸಾಕ್ಷಿ ಇದೆ. ಅವರಲ್ಲಿ ಪೋರ್ಟೂನುಸ್ ಎಂಬ ದೇವರಿದ್ದ. ಬಂದರು ಕಾಯುವ ದೇವರು. ಆದರೆ ಅವನ ಕೈಯಲ್ಲಿ ಇರುತ್ತಿದ್ದದ್ದು ಲಂಗರಲ್ಲ, ಕೀಲಿಕೈ. ಬಾಗಿಲು ಕಾಯುವವನೇ ಬಂದರನ್ನೂ ಕಾಯುತ್ತಿದ್ದ. ಆಗಸ್ಟ್ 17ರಂದು ಅವನ ಹಬ್ಬ. ರೋಮಿನಲ್ಲಿ ಟೈಬರ್ ನದಿಯ ಪಕ್ಕದಲ್ಲಿ ಅವನ ಸಣ್ಣ ಗುಡಿ ಇವತ್ತಿಗೂ ನಿಂತಿದೆ.

ಈಗ ವಾಟ್ಸಾಪಿನ ‘ಪೋತ’ದ ಮಾತು. ಇದು ಸುಳ್ಳು. ಸಂಸ್ಕೃತದಲ್ಲಿ ಪೋತ ಅಂದರೆ ದೋಣಿ ಹೌದು, ಪ್ರಾಣಿಯ ಮರಿ ಎಂಬ ಅರ್ಥವೂ ಇದೆ. ಕಿವಿಗೆ ಪೋರ್ಟ್ ಹತ್ತಿರ ಕೇಳುತ್ತದೆ, ಅರ್ಥವೂ ನೀರಿಗೆ ಸಂಬಂಧಿಸಿದ್ದು, ಆದ್ದರಿಂದ ಯಾರೋ ಗಂಟು ಹಾಕಿದ್ದಾರೆ. ಆದರೆ ಲ್ಯಾಟಿನ್ನಿನ ಮೂರೂ ಪದಗಳಲ್ಲಿ ನಡುವಿನ ‘ರ್’ ಮೊದಲಿನಿಂದಲೂ ಇದೆ. ಅದು ಆಮೇಲೆ ಬಂದು ಸೇರಿಕೊಂಡದ್ದಲ್ಲ. ಪೋತದಲ್ಲಿ ಅದು ಇಲ್ಲವೇ ಇಲ್ಲ. ಕಿವಿಗೆ ಹೋಲಿದ್ದೆಲ್ಲ ನೆಂಟರಾಗುವುದಿಲ್ಲ.

ಇಂಥ ಮೆಸೇಜುಗಳ ಬಗ್ಗೆ ನನಗೆ ಬೇಜಾರು ಯಾಕೆಂದರೆ, ನಿಜವಾದ ನೆಂಟಸ್ತಿಕೆ ಪಕ್ಕದಲ್ಲೇ ಇರುತ್ತದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸಂಸ್ಕೃತದ ‘ಪಾರ’ ನೋಡಿ. ಅಂದರೆ ಆಚೆ ದಡ. ‘ಪಾರಯತಿ’ ಅಂದರೆ ದಾಟಿಸುತ್ತಾನೆ. ಪೋರ್ಟಿನ ಬೇರು ಇದೇ ಬೇರು. ನಾವು ದಿನಾ ಆಡುವ ‘ಪಾರಾದೆ ಮಾರಾಯ’ ಇಲ್ಲಿಂದಲೇ ಬಂದದ್ದು. ‘ಅಪಾರ’ ಅಂದರೆ ಆಚೆ ದಡವೇ ಕಾಣದ್ದು. ‘ಪಾರಂಗತ’ ಅಂದರೆ ಆಚೆ ದಡ ಮುಟ್ಟಿದವನು. ಹಾಗಂತ ಲ್ಯಾಟಿನ್ ಸಂಸ್ಕೃತದಿಂದ ಹುಟ್ಟಿತು ಎಂದಲ್ಲ. ಎರಡೂ ಇನ್ನೂ ಹಳೆಯದಾದ ಒಂದು ಭಾಷೆಯ ಕವಲುಗಳು.

ಇಂಗ್ಲಿಷಿಗೂ ಈ ಬೇರಿನಿಂದ ತನ್ನದೇ ಸ್ವಂತ ಪದಗಳು ಸಿಕ್ಕಿವೆ. ಅವು ಲ್ಯಾಟಿನ್ನಿನಿಂದ ಬಂದವಲ್ಲ, ಹುಟ್ಟಿನಿಂದ ಬಂದವು. ಆ ಕವಲಿನಲ್ಲಿ ಹಳೆಯ ‘ಪ’ ಎಲ್ಲ ‘ಫ’ ಆಯಿತು. ಪಿತೃ ಅಲ್ಲಿ ಫಾದರ್, ಪಾದ ಅಲ್ಲಿ ಫುಟ್, ಪಂಚ ಅಲ್ಲಿ ಫೈವ್. ಹಾಗೆಯೇ ಪೋರ್ಟಿನ ಖಾಸಾ ಇಂಗ್ಲಿಷ್ ತಮ್ಮ ‘ಫೋರ್ಡ್’. ಅಂದರೆ ನದಿಯನ್ನು ನಡೆದು ದಾಟುವ ಜಾಗ. ಆಕ್ಸ್‌ಫರ್ಡ್ ಎಂದರೆ ಎತ್ತುಗಳು ಹೊಳೆ ದಾಟುವ ಕಡವು, ಅಷ್ಟೇ. ‘ಫೆರಿ’ ಅಂದರೆ ನಮ್ಮ ತಾರಿ. ಬಸ್ಸಿನ ‘ಫೇರ್’, ವಿದಾಯದ ‘ಫೇರ್‌ವೆಲ್’, ನಾರ್ವೆಯ ‘ಫಿಯೋರ್ಡ್’ ಎಲ್ಲ ಇದೇ ಮನೆಯವು. ತದಡಿಯಿಂದ ಅಘನಾಶಿನಿಗೆ ಬಾರ್ಜ್ ಹತ್ತಿ ದಾಟುವಾಗ ನೀವು ಕೊಡುವ ಫೇರ್, ಹತ್ತುವ ಫೆರಿ, ಬಿಡುವ ಪೋರ್ಟ್, ಮೂರೂ ಒಂದೇ ಬೇರಿನ ಚಿಗುರು ಎಂದು ಮಗಳಿಗೆ ಹೇಳಿ.

ಬಂದರಿನ ಪೋರ್ಟಿಗೆ ಬರೋಣ. ಇದು ಇಂಗ್ಲಿಷಿಗೆ ಬಹಳ ಹಳೆಯ ಕಾಲದಲ್ಲೇ ಹೋಯಿತು. ಪೋರ್ಟ್ಸ್‌ಮತ್ ಎಂಬ ಊರಿನ ಹೆಸರಿನಲ್ಲಿ ಕೂತಿದೆ. ಹಳೆಯ ಇಂಗ್ಲಿಷಿನಲ್ಲಿ ಸಂತೆಯೂರಿಗೂ ಪೋರ್ಟ್ ಎನ್ನುತ್ತಿದ್ದರು. ಬಂದರಿದ್ದಲ್ಲಿ ವ್ಯಾಪಾರ, ವ್ಯಾಪಾರವಿದ್ದಲ್ಲಿ ಊರು. ಕಾರವಾರದ ಕಥೆಯೂ ಅದೇ ಅಲ್ವಾ? 1638ರಲ್ಲಿ ಕೋರ್ಟೀನ್ ಎಂಬ ಇಂಗ್ಲಿಷ್ ವ್ಯಾಪಾರಿಯ ಸಂಘ ಇಲ್ಲಿ ಕೋಠಿ ಹಾಕಿದ್ದು ನಮ್ಮ ಘಟ್ಟದ ಮೇಲಿನ ಕಾಳುಮೆಣಸಿನ ಆಸೆಗೆ. ಅದಕ್ಕೂ ಮೊದಲು, 16ನೇ ಶತಮಾನದಲ್ಲಿ, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ರೈನಾ ದ ಪಿಮೆಂಟಾ’, ಅಂದರೆ ಕಾಳುಮೆಣಸಿನ ರಾಣಿ, ಎಂದೇ ಕರೆದರು. ಘಟ್ಟದಿಂದ ಮೆಣಸನ್ನು ಹೊತ್ತು ತಂದು, ಬಂದರಿನಲ್ಲಿ ಹಡಗಿಗೆ ತುಂಬಿ, ಅಳಿವೆ ಬಾಗಿಲು ದಾಟಿಸಿ ಕಳಿಸುತ್ತಿದ್ದರು. ಲ್ಯಾಟಿನ್ನಿನ ಮೂರೂ ಪೋರ್ಟುಗಳು ಆ ಒಂದು ಕೆಲಸದಲ್ಲಿ ಬಂದುಹೋದವು.

ಈ ಬಂದರಿನಿಂದ ಹುಟ್ಟಿದ ಪದಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ‘ಆಪರ್ಚುನಿಟಿ’. ಸಂದರ್ಶನ, ಕೆಲಸ, ಕೋಚಿಂಗ್ ಕ್ಲಾಸಿನ ಜಾಹೀರಾತು, ಎಲ್ಲ ಕಡೆ ಸವೆದುಹೋದ ಪದ. ಅದರೊಳಗೆ ಒಂದು ಗಾಳಿ ಬೀಸುತ್ತದೆ. ಲ್ಯಾಟಿನ್ನಿನ ‘ಓಬ್ ಪೋರ್ಟುಮ್’ ಅಂದರೆ ಬಂದರಿನ ಕಡೆಗೆ. ಹಾಯಿ ಹಡಗಿನವರಿಗೆ ಬಂದರಿನ ಕಡೆ ಬೀಸುವ ಗಾಳಿ ಸಿಕ್ಕರೆ ಅದೇ ಒಳ್ಳೆಯ ಸಮಯ. ಅದು ಬರುವ ತನಕ ಹೊರಗೆ ಕಾಯಬೇಕು, ಬಂದಾಗ ಬಿಡಬಾರದು. ಅದಕ್ಕೆ ಉಲ್ಟಾ ‘ಇಂಪಾರ್ಚೂನ್’. ಮೂಲದಲ್ಲಿ ‘ಬಂದರೇ ಇಲ್ಲದ್ದು’, ಹಡಗು ಹತ್ತಿಸಲು ಬಾರದ ಜಾಗ. ಅಲ್ಲಿಂದ ‘ಅನನುಕೂಲ’ ಆಯಿತು. ಕೊನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಗೋಗರೆದು ಪೀಡಿಸುವುದಕ್ಕೆ ಆ ಹೆಸರು ಅಂಟಿತು. ‘ಪಾಸ್‌ಪೋರ್ಟ್’ ಫ್ರೆಂಚರದ್ದು, ಬಂದರು ದಾಟಿ ಹೋಗಲು ಕೊಡುತ್ತಿದ್ದ ಅಪ್ಪಣೆ ಚೀಟಿ. ‘ಏರ್‌ಪೋರ್ಟ್’ ಬಿಡಿ, ಅದು ಸುಲಭ.

ವೈನಿನ ದಾರಿ ಇನ್ನೂ ಸುತ್ತು. ಪೋರ್ಚುಗಲ್ಲಿನ ಉತ್ತರದಲ್ಲಿ ಡೌರೋ ಎಂಬ ನದಿ. ಅದರ ಅಳಿವೆಯ ಹತ್ತಿರ ರೋಮನ್ನರ ಕಾಲದಲ್ಲಿ ‘ಪೋರ್ಟುಸ್ ಕಾಲೆ’ ಎಂಬ ನೆಲೆಯಿತ್ತು. ಆ ಹೆಸರು ಸವೆದು ‘ಪೋರ್ಟುಕಾಲೆ’ ಆಯಿತು, ಮೊದಲು ಒಂದು ಸೀಮೆಗೆ, ಆಮೇಲೆ ಇಡೀ ದೇಶಕ್ಕೆ ಹಬ್ಬಿತು. ಅಂದರೆ ಪೋರ್ಚುಗಲ್ ಎಂಬ ಹೆಸರಿನಲ್ಲೇ ಬಂದರು ಇದೆ. ಅಲ್ಲಿಯ ಊರಿಗೆ ಬರೀ ‘ಪೋರ್ಟೊ’ ಎಂದು ಹೆಸರು ಉಳಿಯಿತು. ಸ್ಥಳೀಯರು ‘ಓ ಪೋರ್ಟೊ’ ಎನ್ನುತ್ತಿದ್ದರು. ಇಂಗ್ಲಿಷಿನ ‘ದಿ’ ಇದ್ದಂತೆ ಅವರಿಗೆ ಆ ‘ಓ’. ಇಂಗ್ಲಿಷ್ ವ್ಯಾಪಾರಿಗಳು ಅದನ್ನೂ ಹೆಸರಿನ ಭಾಗವೆಂದು ತಿಳಿದು ‘ಒಪೋರ್ಟೊ’ ಮಾಡಿಕೊಂಡರು. ಇಂಗ್ಲಿಷಿನಲ್ಲಿ ಆ ತಪ್ಪು ಬಹಳ ಕಾಲ ನಡೆಯಿತು.

ಇಂಗ್ಲೆಂಡಿಗೂ ಫ್ರಾನ್ಸಿಗೂ ಪದೇ ಪದೇ ಜಗಳ. ಫ್ರೆಂಚ್ ವೈನು ಸಿಗುವುದು ಕಷ್ಟವಾಯಿತು. 1703ರ ಮೆಥುಯೆನ್ ಒಪ್ಪಂದದಲ್ಲಿ ಪೋರ್ಚುಗೀಸ್ ವೈನಿಗೆ ಸುಂಕ ಕಡಿಮೆ ಮಾಡಿದರು. ಡೌರೋ ಕಣಿವೆಯ ವೈನು ಪೋರ್ಟೊದಿಂದ ಹಡಗು ಹತ್ತಿತು. ದಾರಿಯಲ್ಲಿ ಕೆಡಬಾರದು ಎಂದು ಬ್ರಾಂದಿ ಸೇರಿಸುತ್ತಿದ್ದರು. ಹುಳಿಯುತ್ತಿರುವಾಗಲೇ ಬ್ರಾಂದಿ ಹಾಕಿದರೆ ಹುದುಗುವುದು ಅಲ್ಲಿಗೇ ನಿಲ್ಲುತ್ತದೆ, ದ್ರಾಕ್ಷಿಯ ಸಕ್ಕರೆ ಉಳಿಯುತ್ತದೆ. ಅದಕ್ಕೇ ಪೋರ್ಟ್ ವೈನು ಸಿಹಿ, ಖಡಕ್ಕೂ ಹೌದು. ಸುಮಾರು ನೂರಕ್ಕೆ 20 ಭಾಗ ಆಲ್ಕೋಹಾಲು. 1756ರಲ್ಲಿ ಪೋಂಬಾಲ್ ಎಂಬ ಮಂತ್ರಿ ಈ ವೈನಿನ ದ್ರಾಕ್ಷಿ ಎಲ್ಲಿ ಬೆಳೆಯಬೇಕು ಎಂದು ಡೌರೋ ಕಣಿವೆಗೆ ಗಡಿ ಗೊತ್ತುಮಾಡಿದ. ಗೋವಾದ ಅಂಗಡಿಯಲ್ಲಿ ನೀವು ನೋಡಿದ್ದು ಆ ಹೆಸರು ಹೊತ್ತ ಇಲ್ಲಿಯ ಸಿಹಿ ವೈನು. ಡೌರೋದ್ದಲ್ಲ. ಕುಡಿಯುವವರಿಗೆ ಅದರಿಂದ ಏನೂ ಬೇಜಾರಿದ್ದ ಹಾಗಿಲ್ಲ.

ಇಲ್ಲೊಂದು ಅಡ್ಡ ಮಾತು. ಭಟ್ಕಳದಿಂದ ಗಲ್ಫಿಗೆ ಹೋಗಿ ಬಂದವರು ಯಾರಾದರೂ ಪರಿಚಯ ಇದ್ದರೆ ಅರಬ್ಬಿಯಲ್ಲಿ ಕಿತ್ತಳೆಗೆ ಏನೆನ್ನುತ್ತಾರೆ ಎಂದು ಕೇಳಿ. ‘ಬುರ್ತುಕಾಲ್’. ಫಾರಸಿಯಲ್ಲಿ ‘ಪೊರ್ತೆಕಾಲ್’, ತುರ್ಕಿಯಲ್ಲಿ ‘ಪೊರ್ತಕಾಲ್’, ಗ್ರೀಕಿನಲ್ಲಿ ‘ಪೊರ್ತೊಕಾಲಿ’. ಸಿಹಿ ಕಿತ್ತಳೆಯನ್ನು ಅವರಿಗೆಲ್ಲ ಮುಟ್ಟಿಸಿದ್ದು ಪೋರ್ಚುಗೀಸ್ ವ್ಯಾಪಾರಿಗಳು, ಹಾಗಾಗಿ ದೇಶದ ಹೆಸರೇ ಹಣ್ಣಿಗೆ ಬಂತು. ದುಬೈಯ ಜ್ಯೂಸ್ ಅಂಗಡಿಯಲ್ಲಿ ಒಂದು ಬುರ್ತುಕಾಲ್ ಕೇಳಿದರೆ ಒಂದು ರೋಮನ್ ಬಂದರಿನ ಹೆಸರು ಹೇಳಿದ ಹಾಗೆ. ಇನ್ನು ಇಂಗ್ಲಿಷಿನ ‘ಆರೆಂಜ್’ ಹೋಗಿದ್ದು ನಮ್ಮ ಕಡೆಯಿಂದ, ‘ನಾರಂಗ’ದಿಂದ.

ಪೋರ್ಚುಗೀಸರು ನಮಗೆ ದೂರದವರೇನಲ್ಲ. 1498ರಲ್ಲಿ ವಾಸ್ಕೋ ಡ ಗಾಮಾ ಹಿಂದಿರುಗುವಾಗ ತಂಗಿದ್ದು ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಅಲ್ಲಿ ಕೋಟೆ ಕಟ್ಟಿದ. 1961ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆ ಪ್ರಾಣ ಕೊಟ್ಟು ದ್ವೀಪ ಬಿಡಿಸಿಕೊಂಡಿತು. ಈಗ ಅದು ಕದಂಬ ನೌಕಾನೆಲೆಯ ಒಳಗಿದೆ. ನಮ್ಮ ಮನೆಗಳಲ್ಲಿ ಅವರು ಬಿಟ್ಟುಹೋದ ಚಾವಿ, ಬಟಾಟೆ, ಪಾವ್, ಅನಾನಸು ಎಲ್ಲ ಇನ್ನೂ ಇವೆ. ಆದರೆ ‘ಪೋರ್ಟ್’ ನಮಗೆ ಅವರಿಂದ ಬರಲಿಲ್ಲ, ಇಂಗ್ಲಿಷರಿಂದ ಬಂತು. ಅದಕ್ಕೂ ಮೊದಲೇ ಫಾರಸಿಯ ‘ಬಂದರ್’ ಬಂದು ನೆಲೆಯೂರಿತ್ತು.

ಇನ್ನು ಎಡಬದಿ. ನಿಮ್ಮ ಪ್ರಶ್ನೆಯಲ್ಲಿ ಸ್ವಾರಸ್ಯ ಜಾಸ್ತಿ ಇರುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಹಡಗಿನಲ್ಲಿ ಸುಮ್ನೆ ಎಡ, ಬಲ ಎಂದರೆ ಆಗುವುದಿಲ್ಲ. ಮೂತಿಯ ಕಡೆ ಮುಖ ಮಾಡಿ ನಿಂತವನ ಎಡ, ಹಿಂದಕ್ಕೆ ತಿರುಗಿ ನಿಂತವನಿಗೆ ಬಲ. ಬಿರುಗಾಳಿಯಲ್ಲಿ ‘ಯಾರ ಎಡ?’ ಎಂದು ಕೇಳುತ್ತ ಕೂರಲು ಸಮಯ ಇರುವುದಿಲ್ಲ. ಆದ್ದರಿಂದ ಬದಿಗಳಿಗೇ ಹೆಸರು ಬೇಕು. ಮೂತಿಯ ಕಡೆ ನೋಡಿದಾಗ ಎಡಕ್ಕೆ ಬರುವುದು ಪೋರ್ಟ್, ಬಲಕ್ಕೆ ಸ್ಟಾರ್‌ಬೋರ್ಡ್. ನೀವು ಎತ್ತ ತಿರುಗಿ ನಿಂತರೂ ಆ ಹೆಸರು ಬದಲಾಗುವುದಿಲ್ಲ. ಟ್ಯಾಗೋರ್ ಕಡಲತೀರದಲ್ಲಿ ದಡಕ್ಕೆ ತಂದಿಟ್ಟಿರುವ ಹಳೆಯ ಯುದ್ಧನೌಕೆ ಐಎನ್‌ಎಸ್ ಚಪಲ್ ಮೇಲೆ ಮಗಳನ್ನು ನಿಲ್ಲಿಸಿ ಒಮ್ಮೆ ತಿರುಗಿಸಿ. ಐದು ನಿಮಿಷದಲ್ಲಿ ಅರ್ಥವಾಗುತ್ತದೆ.

ಸ್ಟಾರ್‌ಬೋರ್ಡಿನಲ್ಲಿ ನಕ್ಷತ್ರ ಇಲ್ಲ. ಅದು ಹಳೆಯ ಇಂಗ್ಲಿಷಿನ ‘ಸ್ಟೇಯೋರ್‌ಬೋರ್ಡ್’, ಅಂದರೆ ಹಡಗು ತಿರುಗಿಸುವ ಬದಿ. ಹಿಂದಿನ ಕಾಲದಲ್ಲಿ ಚುಕ್ಕಾಣಿ ಹಡಗಿನ ಹಿಂಭಾಗದ ನಡುವೆ ಇರುತ್ತಿರಲಿಲ್ಲ. ಅಗಲವಾದ ಹುಟ್ಟೊಂದನ್ನು ಬಲಬದಿಗೆ ಕಟ್ಟುತ್ತಿದ್ದರು. ಹೆಚ್ಚಿನವರು ಬಲಗೈಯವರು ತಾನೆ. ನಾರ್ವೆಯಲ್ಲಿ 1880ರಲ್ಲಿ ಮಣ್ಣಿನಡಿ ಸಿಕ್ಕ 9ನೇ ಶತಮಾನದ ಗೋಕ್‌ಸ್ಟಾಡ್ ಹಡಗಿನಲ್ಲಿ ಅಂಥ ಚುಕ್ಕಾಣಿ ಬಲಗಡೆಯೇ ಇದೆ.

ಹುಟ್ಟು ಬಲಗಡೆ ಇದ್ದರೆ ಹಡಗನ್ನು ಧಕ್ಕೆಗೆ, ಅಂದರೆ ಬಂದರಿನ ಕಲ್ಲುಕಟ್ಟೆಗೆ, ಯಾವ ಬದಿಯಿಂದ ತಾಗಿಸುತ್ತೀರಿ? ಎಡಬದಿಯಿಂದಲೇ. ಇಲ್ಲದಿದ್ದರೆ ಚುಕ್ಕಾಣಿ ಕಲ್ಲಿಗೆ ಒತ್ತಿ ಮುರಿಯುತ್ತದೆ. ಸಾಮಾನು ಹತ್ತಿಸುವುದು, ಇಳಿಸುವುದು ಎಲ್ಲ ಎಡಗಡೆ. ಹಾಗಾಗಿ ಎಡಕ್ಕೆ ಮೊದಲು ‘ಲಾಡಬೋರ್ಡ್’ ಎಂಬ ಹೆಸರಿತ್ತು, ಸಾಮಾನು ತುಂಬುವ ಬದಿ. ಆಚೆಯ ‘ಸ್ಟಾರ್‌ಬೋರ್ಡ್’ ಕೇಳಿ ಕೇಳಿ ಇದೂ ‘ಲಾರ್ಬೋರ್ಡ್’ ಆಗಿಬಿಟ್ಟಿತು. ಅಲ್ಲೇ ತೊಂದರೆ ಶುರು. ಗಾಳಿಯಲ್ಲಿ ಕೂಗಿದರೆ ಸ್ಟಾರ್‌ಬೋರ್ಡ್, ಲಾರ್ಬೋರ್ಡ್ ಎರಡೂ ಒಂದೇ ಥರ ಕೇಳುತ್ತವೆ. ಒಬ್ಬ ಬಲಕ್ಕೆ ಎಂದ, ಇನ್ನೊಬ್ಬ ಎಡಕ್ಕೆ ತಿರುಗಿಸಿದ, ಮುಗಿಯಿತು ಕಥೆ. ಬಂದರಿಗೆ ತಾಗುವ ಬದಿ ಎಂದು ‘ಪೋರ್ಟ್’ ಎನ್ನುವ ರೂಢಿ 16ನೇ ಶತಮಾನದಿಂದಲೇ ಇತ್ತು. 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್ಬೋರ್ಡ್ ಸಾಕು, ಇನ್ನು ಮುಂದೆ ಪೋರ್ಟ್ ಎಂದೇ ಹೇಳಿ ಎಂದು ಆದೇಶ ಹೊರಡಿಸಿತು. ಎರಡು ವರ್ಷದ ನಂತರ ಅಮೆರಿಕದ ನೌಕಾಪಡೆಯೂ ಅದನ್ನೇ ಮಾಡಿತು.

ಇದಾದ ಮೇಲೂ ಒಂದು ಗೋಜಲು ಉಳಿದಿತ್ತು. ಹಳೆಯ ಚುಕ್ಕಾಣಿಯ ಹಿಡಿಕೆಯನ್ನು ಬಲಕ್ಕೆ ದೂಡಿದರೆ ಹಡಗು ಎಡಕ್ಕೆ ತಿರುಗುತ್ತದೆ. ಸಣ್ಣ ದೋಣಿ ನಡೆಸಿದವರಿಗೆ ಇದು ಗೊತ್ತು. ಚಕ್ರದ ಚುಕ್ಕಾಣಿ ಬಂದ ಮೇಲೂ ಇಂಗ್ಲಿಷ್ ಹಡಗುಗಳಲ್ಲಿ ಆದೇಶ ಕೊಡುತ್ತಿದ್ದದ್ದು ಹಿಡಿಕೆಯ ಲೆಕ್ಕದಲ್ಲೇ. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಎದುರಿಗೆ ಮಂಜುಗಡ್ಡೆ ಕಂಡಾಗ ಕೂಗಿದ ಆದೇಶ ‘ಹಾರ್ಡ್ ಅ ಸ್ಟಾರ್‌ಬೋರ್ಡ್’. ಹಡಗು ತಿರುಗಿದ್ದು ಪೋರ್ಟಿನ ಕಡೆಗೆ. ಇದನ್ನು ಓದಿ ‘ಗಾಬರಿಯಲ್ಲಿ ತಪ್ಪು ತಿರುಗಿಸಿದರು’ ಎನ್ನುವವರು ಇದ್ದಾರೆ. ತಪ್ಪಲ್ಲ, ಅಂದಿನ ರೂಢಿಯೇ ಹಾಗಿತ್ತು. ಯಾವ ಕಡೆ ಹೇಳಿದರೋ ಆ ಕಡೆಗೇ ಹಡಗು ತಿರುಗಬೇಕು ಎಂಬ ನಿಯಮ ಎಲ್ಲ ದೇಶಗಳಿಗೂ ಬಂದದ್ದು 1930ರ ದಶಕದಲ್ಲಿ.

ಈಗ ದೀಪ. ರಾತ್ರಿ ಪೋರ್ಟ್ ಬದಿಗೆ ಕೆಂಪು, ಸ್ಟಾರ್‌ಬೋರ್ಡ್ ಬದಿಗೆ ಹಸಿರು. ವಿಮಾನದ ರೆಕ್ಕೆಗೂ ಇದೇ. ಪೋರ್ಟ್ ವೈನು ಕೆಂಪು, ಆದ್ದರಿಂದ ಪೋರ್ಟ್ ದೀಪ ಕೆಂಪು ಎಂಬುದು ನೆನಪಿಡಲು ಹೂಡಿದ ಉಪಾಯ, ಕಾರಣ ಅಲ್ಲ. ಸಂಜೆ ಕತ್ತಲಾದ ಮೇಲೆ ಕಡಲತೀರದಲ್ಲಿ ನಿಂತು ನೋಡಿ. ಬೋಟೊಂದು ನೇರ ನಿಮ್ಮ ಕಡೆಗೇ ಬರುತ್ತಿದ್ದರೆ ಎರಡೂ ಬಣ್ಣ ಕಾಣುತ್ತದೆ, ಕೆಂಪು ನಿಮ್ಮ ಬಲಕ್ಕೆ. ಬೋಟು ತಿರುಗಿದ ಕೂಡಲೇ ಒಂದು ಬಣ್ಣ ಮರೆಯಾಗುತ್ತದೆ. ಬರೀ ಕೆಂಪು ಕಂಡರೆ ನೀವು ಅದರ ಪೋರ್ಟ್ ಬದಿಯನ್ನು ನೋಡುತ್ತಿದ್ದೀರಿ. ಸಮುದ್ರದಲ್ಲಿ ನಿಮ್ಮ ಬಲಗಡೆಯಿಂದ ಅಡ್ಡ ಬರುವ ಬೋಟು ಕೆಂಪು ತೋರಿಸುತ್ತದೆ, ಆಗ ದಾರಿ ಬಿಡಬೇಕಾದವರು ನೀವು. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ಸರಿದು, ಪೋರ್ಟಿಗೆ ಪೋರ್ಟ್ ತೋರಿಸಿ ದಾಟಬೇಕು. ರಸ್ತೆಯಲ್ಲಿ ನಾವು ಎಡಕ್ಕೆ ಸರಿಯುತ್ತೇವೆ, ನೀರಿನಲ್ಲಿ ಬಲಕ್ಕೆ.

ಬಂದರಿನ ದಾರಿಗೆ ಬಿಟ್ಟ ತೇಲುಬುರುಡೆಗಳಿಗೂ ಬಣ್ಣವಿದೆ. ನಮ್ಮ ದೇಶದಲ್ಲಿ ಸಮುದ್ರದಿಂದ ಒಳಗೆ ಬರುವಾಗ ಕೆಂಪು ಬುರುಡೆ ಪೋರ್ಟ್ ಬದಿಗೆ, ಅಂದರೆ ಎಡಕ್ಕೆ ಬಿಟ್ಟುಕೊಂಡು ಬರಬೇಕು. ಅಮೆರಿಕದಲ್ಲಿ ಇದು ಪೂರಾ ಉಲ್ಟಾ.

ಎರಡನೆಯ ಪೋರ್ಟ್, ಬಾಗಿಲಿನದು. ಕಮಾನಿನ ‘ಪೋರ್ಟಿಕೊ’, ಮನೆ ಮುಂದಿನ ‘ಪೋರ್ಚ್’, ವೆಬ್‌ಸೈಟುಗಳ ‘ಪೋರ್ಟಲ್’ ಎಲ್ಲ ಇದರವು. ಪಹಣಿ ತೆಗೆಯಲು ನೀವು ತೆರೆಯುವ ಸರ್ಕಾರಿ ಪೋರ್ಟಲ್ ಮೂಲದಲ್ಲಿ ದೊಡ್ಡ ಹೆಬ್ಬಾಗಿಲು. ಅದು ತೆರೆಯಲು ತೆಗೆದುಕೊಳ್ಳುವ ಹೊತ್ತು ನೋಡಿದರೆ ಹೆಸರು ಸರಿಯಾಗೇ ಇದೆ. ಹಡಗಿನ ಗುಂಡು ಕಿಟಕಿ ‘ಪೋರ್ಟ್‌ಹೋಲ್’ ಇದೆಯಲ್ಲ, ಅದರಲ್ಲಿರುವುದು ಬಂದರಲ್ಲ, ಬಾಗಿಲು. 16ನೇ ಶತಮಾನದಲ್ಲಿ ಯುದ್ಧದ ಹಡಗುಗಳ ಪಕ್ಕೆ ಕೊರೆದು ಫಿರಂಗಿಯ ಬಾಯಿ ಹೊರಗೆ ಚಾಚಲು ಮುಚ್ಚಳವಿರುವ ಬಾಗಿಲು ಮಾಡಿದರು. 1545ರಲ್ಲಿ ಇಂಗ್ಲೆಂಡಿನ ಮೇರಿ ರೋಸ್ ಹಡಗು ವಾಲಿದಾಗ ತೆರೆದಿದ್ದ ಆ ಬಾಗಿಲುಗಳಿಂದಲೇ ನೀರು ನುಗ್ಗಿತು ಎನ್ನುತ್ತಾರೆ. ಅದು ಮುಳುಗಿದ್ದು ಪೋರ್ಟ್ಸ್‌ಮತ್ ಬಂದರಿನ ಹೊರಗೇ.

ನಿಮ್ಮ ಮಗಳ ಲ್ಯಾಪ್‌ಟಾಪಿನದು ಇದೇ ಬಾಗಿಲು. ಮಾಹಿತಿ ಒಳಗೆ ಹೋಗುವ, ಹೊರಗೆ ಬರುವ ಕಂಡಿ. ಕಣ್ಣಿಗೆ ಕಾಣದ ಪೋರ್ಟುಗಳೂ ಒಳಗೆ ಇವೆ, 0ಯಿಂದ 65,535ರ ತನಕ. ಇಂಟರ್ನೆಟ್ಟಿನಿಂದ ಬರುವುದೆಲ್ಲ ಒಂದೇ ತಂತಿಯಲ್ಲಿ ಬಂದರೂ ಪ್ರತಿ ಕೆಲಸಕ್ಕೂ ಒಂದು ನಂಬರಿನ ಬಾಗಿಲು. ಬೀಗದ ಗುರುತು ಇರುವ ವೆಬ್ ಪುಟಗಳಿಗೆ 443, ಹಳೆಯ ಮಾದರಿಯವಕ್ಕೆ 80, ಇಮೇಲ್ ಸಾಗಿಸಲು 25. ‘ಪೋರ್ಟ್ ಮುಚ್ಚಿದೆ’ ಎಂದು ಕಂಪ್ಯೂಟರಿನವರು ಹೇಳಿದರೆ ಅದು ಅಕ್ಷರಶಃ ಬಾಗಿಲು ಹಾಕಿದ ಮಾತು.

ಮೂರನೆಯದು ಹೊರುವ ಪೋರ್ಟ್. ಮೊಬೈಲ್ ಅಂಗಡಿಯವ ಹೇಳಿದ್ದು ಇದನ್ನು. ‘ಪೋರ್ಟಬಲ್’ ಅಂದರೆ ಹೊತ್ತೊಯ್ಯಬಹುದಾದದ್ದು. ನಂಬರ್ ಪೋರ್ಟ್ ಮಾಡುವುದು ಎಂದರೆ ಕಂಪನಿ ಬಿಟ್ಟರೂ ನಿಮ್ಮ ನಂಬರನ್ನು ಜೊತೆಗೆ ಹೊತ್ತುಕೊಂಡು ಹೋಗುವುದು. ಈ ಸೌಲಭ್ಯ ಮೊದಲು 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಶುರುವಾಯಿತು, 2011ರ ಜನವರಿ 20ರಿಂದ ದೇಶಕ್ಕೆಲ್ಲ. ಆದರೆ ಆಗ ಅದು ಒಂದೇ ಟೆಲಿಕಾಂ ವಲಯದ ಒಳಗೆ ಮಾತ್ರ. ಗೋವಾ ಮಹಾರಾಷ್ಟ್ರದ ವಲಯಕ್ಕೆ ಸೇರಿದ್ದು. ಗೋವಾ ಗಡಿಯ ಮಾಜಾಳಿ ದಾಟಿ ಕೆಲಸಕ್ಕೆ ಹೋದ ನಿಮ್ಮೂರಿನ ಹುಡುಗರು ರೋಮಿಂಗ್ ಕಟ್ಟಬೇಕಿತ್ತು, ಇಲ್ಲಾ ಹೊಸ ನಂಬರ್ ತಗೋಬೇಕಿತ್ತು. ವಲಯ ಬದಲಾದರೂ ನಂಬರ್ ಉಳಿಸಿಕೊಳ್ಳುವ ವ್ಯವಸ್ಥೆ ಬಂದದ್ದು 2015ರ ಜುಲೈನಲ್ಲಿ. ಈಗ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಎಂಟು ಅಕ್ಷರದ ಕೋಡ್ ಬರುತ್ತದೆ. ಪೋರ್ಟ್ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ನಮ್ಮಲ್ಲಿ ಆ ಕೋಡ್ ನಾಲ್ಕು ದಿನ ಮಾತ್ರ ನಡೆಯುತ್ತದೆ, ಅಷ್ಟರೊಳಗೆ ಅಂಗಡಿಗೆ ಹೋಗಿ.

ಹೊರುವ ಪೋರ್ಟಿನ ಸಂಸಾರ ದೊಡ್ಡದು. ಒಳಗೆ ಹೊತ್ತು ತಂದರೆ ಇಂಪೋರ್ಟ್, ಹೊರಗೆ ಒಯ್ದರೆ ಎಕ್ಸ್‌ಪೋರ್ಟ್. ಬಂದರಿನಲ್ಲಿ ನಡೆಯುವ ಕೆಲಸವಾದ್ದರಿಂದ ಇವು ಬಂದರಿನಿಂದ ಬಂದವು ಎಂದು ಬಹಳ ಜನ ತಿಳಿಯುತ್ತಾರೆ. ಅಲ್ಲ, ಹೊರುವುದರಿಂದ ಬಂದವು. ಸುದ್ದಿಯನ್ನು ಹಿಂದಕ್ಕೆ ಹೊತ್ತು ತಂದರೆ ರಿಪೋರ್ಟ್. ಕೆಳಗಿನಿಂದ ಹೊತ್ತು ನಿಂತರೆ ಸಪೋರ್ಟ್. ಮಂತ್ರಿಗಳಿಗೆ ಹಂಚುವ ‘ಪೋರ್ಟ್‌ಫೋಲಿಯೊ’ ಮೂಲದಲ್ಲಿ ಹಾಳೆ ಹೊರುವ ಚೀಲ. ಖಾತೆ ಹಂಚಿಕೆಯ ಜಗಳವೆಲ್ಲ ಒಂದು ಚೀಲಕ್ಕಾಗಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮಕ್ಕಳ ಶಾಲೆಯ ಚೀಲಕ್ಕೇ ‘ಪೋರ್ಟ್’ ಎನ್ನುವುದುಂಟು. ‘ಸ್ಪೋರ್ಟ್’ ಕೂಡ ಇಲ್ಲಿಯದೇ ಎಂದರೆ ನಂಬುತ್ತೀರಾ? ಹಳೆಯ ಫ್ರೆಂಚಿನ ‘ದೆಸ್ಪೋರ್ತೆರ್’, ಅಂದರೆ ಮನಸ್ಸನ್ನು ಕೆಲಸದಿಂದ ಆಚೆ ಒಯ್ಯುವುದು. ಅದರ ತಲೆ ಕತ್ತರಿಸಿ ಸ್ಪೋರ್ಟ್ ಆಯಿತು.

‘ಪೋರ್ಟರ್’ ಮಾತ್ರ ಹುಷಾರು. ಅದು ಎರಡು ಪದ. ರೈಲ್ವೆ ಸ್ಟೇಷನ್ನಿನಲ್ಲಿ ಸಾಮಾನು ಎತ್ತುವ ಪೋರ್ಟರ್ ಹೊರುವವನು. ಇಂಗ್ಲೆಂಡಿನ ಹಳೆಯ ಕಾಲೇಜುಗಳ ಗೇಟಿನಲ್ಲಿ ಕೂತಿರುವ ಪೋರ್ಟ‌ರ್ ಬಾಗಿಲು ಕಾಯುವವನು. ಇಬ್ಬರಿಗೂ ಒಂದೇ ಹೆಸರು, ತಂದೆ ಬೇರೆ. ಕಪ್ಪು ಬಿಯರಿಗೆ ಪೋರ್ಟರ್ ಎಂದು ಹೆಸರು ಬಂದದ್ದು ಲಂಡನ್ನಿನ ಸಾಮಾನು ಹೊರುವವರಿಂದ. 18ನೇ ಶತಮಾನದಲ್ಲಿ ಅದನ್ನು ಹೆಚ್ಚು ಕುಡಿಯುತ್ತಿದ್ದವರು ಅವರೇ.

ಪೋರ್ಟ್ ಎಂದು ಶುರುವಾದದ್ದೆಲ್ಲವನ್ನೂ ಈ ಮನೆಗೆ ಸೇರಿಸಬೇಡಿ. ‘ಪೋರ್ಷನ್’ ಅಂದರೆ ಪಾಲು, ಅದರ ಬೇರೇ ಬೇರೆ. ‘ಪೋರ್ಟ್ರೇಟ್’ ಎಳೆಯುವುದರಿಂದ, ಗೆರೆ ಎಳೆಯುವುದರಿಂದ ಬಂದದ್ದು. ಪರೀಕ್ಷೆಯಲ್ಲಿ ಯಾರಾದರೂ ಕೇಳಿದರೆ ಮಗಳು ಒಂದು ಉಪಾಯ ಮಾಡಬಹುದು. ಅನುಮಾನ ಬಂದ ಪದದಲ್ಲಿ ಬಂದರು, ಬಾಗಿಲು, ಹೊರುವುದು, ಮೂರನ್ನೂ ಒಂದೊಂದಾಗಿ ಇಟ್ಟು ನೋಡಲಿ. ಹೆಚ್ಚಿನ ಸಲ ಒಂದು ಸರಿಯಾಗಿ ಕೂರುತ್ತದೆ. ಮೂರೂ ಕೂರದಿದ್ದರೆ ಅದು ಬೇರೆ ಮನೆಯದು.

ಕೊನೆಗೆ ‘ಪಾಶ್’. ನೀವು ಕೇಳಿರುವ ಕಥೆ ಹೀಗಿರಬೇಕು. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವಾಗ ಹಡಗು ಪೂರ್ವಕ್ಕೆ ಸಾಗುತ್ತದೆ. ಆಗ ಪೋರ್ಟ್ ಬದಿಯ ಕೋಣೆಗಳು ಉತ್ತರಕ್ಕೆ ಬೀಳುತ್ತವೆ, ಬಿಸಿಲು ಕಡಿಮೆ. ಹಿಂದಿರುಗುವಾಗ ಸ್ಟಾರ್‌ಬೋರ್ಡ್ ಬದಿ ಉತ್ತರಕ್ಕೆ. ದುಡ್ಡಿದ್ದ ಸಾಹೇಬರು ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂದು ಟಿಕೆಟಿನ ಮೇಲೆ ‘P.O.S.H.’ ಎಂಬ ನಾಲ್ಕು ಅಕ್ಷರ ಒತ್ತಿಸಿಕೊಳ್ಳುತ್ತಿದ್ದರು, ಆ ನಾಲ್ಕು ಅಕ್ಷರವೇ ಪಾಶ್ ಆಯಿತು ಎಂಬುದು. ಕಥೆ ಚೆನ್ನಾಗಿದೆ, ಬಿಸಿಲಿನ ಲೆಕ್ಕವೂ ಸರಿಯಾಗಿದೆ. ಆದರೆ ಆ ಮುದ್ರೆ ಇರುವ ಒಂದೇ ಒಂದು ಟಿಕೆಟ್ಟೂ ಈವರೆಗೆ ಸಿಕ್ಕಿಲ್ಲ. ಹಡಗು ಕಂಪನಿಯ ದಾಖಲೆಗಳಲ್ಲೂ ಅಂಥದ್ದಿಲ್ಲ. ಕಥೆ ಹುಟ್ಟುವ ಎಷ್ಟೋ ಮೊದಲು, 19ನೇ ಶತಮಾನದ ಲಂಡನ್ನಿನ ಬೀದಿ ಮಾತಿನಲ್ಲಿ ಪಾಶ್ ಅಂದರೆ ಚಿಲ್ಲರೆ ಕಾಸು, ಜೊತೆಗೆ ಶೋಕಿಲಾಲ ಎಂಬ ಅರ್ಥವೂ ಇತ್ತು. ನಿಘಂಟಿನವರು ನೋಡುವುದು ಆ ಕಡೆಗೆ, ಹಡಗಿನ ಕಡೆಗಲ್ಲ. ಅಕ್ಷರ ಜೋಡಿಸಿ ಪದ ಕಟ್ಟುವ ಚಾಳಿ ಇಂಗ್ಲಿಷಿನಲ್ಲಿ 20ನೇ ಶತಮಾನಕ್ಕೆ ಮೊದಲು ಬಹಳ ಅಪರೂಪ. ಹಳೆಯ ಪದಕ್ಕೆ ಯಾರಾದರೂ ಇಂಥ ಬಿಡಿಸಿದ ರೂಪ ಹೇಳಿದರೆ ಮೊದಲು ಟಿಕೆಟ್ ತೋರಿಸಲು ಹೇಳಿ.